ಇವತ್ತೊಂದಿನ ಮನೆಯಲ್ಲೇ ಇರು, ಅಕ್ಕ

ಮಾಡದಕೆರೆ
ಗುರುವಾರ, 21–11–2024

ಪ್ರೀತಿಯ ಮೀನಕ್ಕನಿಗೆ,

ನಿನ್ನ ತಂಗಿ ರೋಜಾ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು ಅಲ್ಲಿ ಹೇಗಿದ್ದೀಯ ಎಂದು ಕೇಳಬೇಕು, ಕಾಗದ ಅಂದರೆ ಹಾಗೆ ತಾನೆ ಶುರುವಾಗೋದು. ಆದರೆ ನೀನು ತೀರಿಹೋಗಿ ನಾಲ್ಕು ಮಳೆಗಾಲ ಕಳೆದವು, ಕೇಳಿದರೂ ಹೇಳುವವಳಲ್ಲ. ಬದುಕಿದ್ದಾಗಲೂ ನೀನು ಅಷ್ಟೇ. ನಾನು ಹೊಸದುರ್ಗದ ಹಾಸ್ಟೆಲ್ಲಿನಿಂದ ನಾಲ್ಕು ಪುಟ ತುಂಬಿಸಿ ಹಾಕಿದರೆ, ಅಪ್ಪ ಬಂದಾಗ 'ಕಾಗದ ಮುಟ್ಟಿತಂತೆ' ಎಂದು ಅವರ ಬಾಯಲ್ಲಿ ಹೇಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ನನಗೆ ಬರುತ್ತಿದ್ದ ಸಿಟ್ಟು ನಿನಗೆ ಗೊತ್ತೇ ಇಲ್ಲ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೇಜಾರಾಗಬೇಡ. ಬರೆಯಬೇಕೆಂದು ಎಷ್ಟೋ ಸಲ ಕೂತೆ. ವಿಳಾಸ ಬರೆಯುವಾಗಲೇ ಕೈ ನಿಲ್ಲುತ್ತಿತ್ತು. ಜುಂಜೇಶ್ ಅವರ ಹೆಂಡತಿ, ಮಾಡದಕೆರೆ ಎಂದು ಬರೆದು ಡಬ್ಬಕ್ಕೆ ಹಾಕಿದರೆ ಪೋಸ್ಟಿನವನು ತಂದು ನನ್ನ ಕೈಗೇ ಕೊಡುತ್ತಾನೆ. ನಿನ್ನ ಮನೆ, ನಿನ್ನ ಒಲೆ, ನಿನ್ನ ಅತ್ತೆ, ನಿನ್ನ ಗಂಡ, ಎಲ್ಲವೂ ಈಗ ನನ್ನ ವಿಳಾಸ. ಅದಕ್ಕೇ ಇದನ್ನು ಡಬ್ಬಕ್ಕೆ ಹಾಕುವುದಿಲ್ಲ. ನಿನ್ನ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಅದನ್ನು ನನ್ನ ಬಿಟ್ಟು ಬೇರೆ ಯಾರೂ ತೆಗೆಯುವುದಿಲ್ಲ.

ಅತ್ತೆ ಕುರಿ ಹೊಡೆದುಕೊಂಡು ಕೆರೆ ಅಂಗಳದ ಕಡೆ ಹೋಗಿದ್ದಾರೆ. ಭಾವ ಗುಡ್ಡದ ಮೇಲೆ ಡ್ಯೂಟಿಗೆ ಹೋಗಿದ್ದಾರೆ, ಅದೇ ಗಾಳಿಫ್ಯಾನಿನ ಕರೆಂಟು ಕಂಪನಿ, ಅದೇ ಕಾವಲು ಕೆಲಸ. ನೋಡಿದೆಯಾ, ಭಾವ ಎಂದು ಬರೆದೆ. ಬೇರೆ ಏನೆಂದು ಬರೆಯಲಿ ಹೇಳು. 'ನಮ್ಮ ಯಜಮಾನರು' ಎಂದರೆ ನೀನು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತೀಯ. 'ನಿನ್ನ ಗಂಡ' ಎಂದರೆ ನನಗೆ ಹೊಟ್ಟೆ ಉರಿಯುತ್ತದೆ. ಹೆಸರು ಹಿಡಿದು ಕರೆಯುವ ಹಾಗಿಲ್ಲ. ನಿನ್ನ ಮದುವೆಯಲ್ಲಿ ಲಂಗ ಹಾಕಿಕೊಂಡು ಓಡಾಡುವಾಗ ಬಾಯಿಗೆ ಹತ್ತಿದ ಮಾತು ಅದು, ಮದುವೆಯಾಗಿ ಎರಡು ವರ್ಷವಾದರೂ ಬಿಡುತ್ತಿಲ್ಲ. ಅವರಾದರೂ ಏನಾದರೂ ಕರೆಯುತ್ತಾರಾ ಅಂದರೆ ಅದೂ ಇಲ್ಲ. ಆಗ ಬಾಯಿ ತುಂಬ 'ಏನ್ ರೋಜಾ, ಯಾವಾಗ ಬಂದೆ' ಅನ್ನುತ್ತಿದ್ದವರು ತಾಳಿ ಕಟ್ಟಿದ ದಿನದಿಂದ ಆ ಹೆಸರನ್ನೇ ಮರೆತರು. 'ಕೇಳ್ತಾ', 'ನೋಡಿಲ್ಲಿ', 'ಏ ಇವಳೇ', ಇಷ್ಟರಲ್ಲೇ ನನ್ನ ಸಂಸಾರ ನಡೆಯುತ್ತಿದೆ.

ಅಪ್ಪನನ್ನು ನಾನು ಬೈಯುವುದಿಲ್ಲ. ಬಾಗೂರಿನ ಜಗಲಿಯಲ್ಲಿ ಕೂತು, 'ಹುಡುಗ ಗೊತ್ತಿರೋನು, ಮನೆ ಗೊತ್ತಿರೋದು, ಮೀನಾ ಇದ್ದಿದ್ರೂ ಇದನ್ನೇ ಹೇಳೋಳು' ಎಂದುಬಿಟ್ಟರು. ನೀನು ಇದ್ದಿದ್ದರೆ ಹೇಗೆ ಹೇಳುತ್ತಿದ್ದೆ ಅಕ್ಕ? ಅಷ್ಟು ಕೇಳುವ ಬುದ್ಧಿ ಆಗ ನನಗೂ ಬರಲಿಲ್ಲ, ಅಳುತ್ತಾ ಕೂತಿದ್ದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ನೀನು ಹೋದಮೇಲೆ ಅದು ಬಂದಿದ್ದು. ಈ ಮನೆಗೆ ಎರಡನೆಯವಳಾಗಿ ಬಂದವಳು ಮೊದಲಿನವಳನ್ನು ಕೊರಳಲ್ಲಿ ಹೊತ್ತುಕೊಂಡೇ ಓಡಾಡಬೇಕಂತೆ. ಬೆಳ್ಳಿಯದೊಂದು ಸಣ್ಣ ಬಿಲ್ಲೆ, ಅದರ ಮೇಲೆ ಹೆಣ್ಣಿನ ಮುಖ ಒತ್ತಿಸಿರುತ್ತಾರೆ, ತಾಳಿಯ ಜೊತೆಗೆ ಬೇರೆ ಕರಿಮಣಿ ಸರದಲ್ಲಿ ಪೋಣಿಸಿ ಹಾಕಿಕೊಳ್ಳಬೇಕು. ಅದೇ ನೀನು. ಹೊಸದುರ್ಗದ ಅಕ್ಕಸಾಲಿಗ ನಿನ್ನನ್ನು ಯಾವತ್ತೂ ನೋಡಿದವನಲ್ಲ, ಗಿಣಿ ಕೊಕ್ಕಿನಂಥ ಮೂಗು ಇಟ್ಟಿದ್ದಾನೆ. ನಿನ್ನ ಮೊಂಡು ಮೂಗು ನೆನೆದು ಮೊದಮೊದಲು ನನಗೆ ನಗು ಬರುತ್ತಿತ್ತು. ಹೊಸ ಬಟ್ಟೆ ತಂದರೆ ಮೊದಲು ನಿನ್ನ ಫೋಟೋ ಮುಂದೆ ಇಟ್ಟು ಆಮೇಲೆ ನಾನು ಉಡಬೇಕು. ಉಣ್ಣಲು ಕೂತರೆ ಮೊದಲ ತುತ್ತು ತಟ್ಟೆಯ ಅಂಚಿಗೆ, ಅದು ನಿನ್ನದು. ಹಾಗೆ ಮಾಡದಿದ್ದರೆ ನೀನು ಕಾಡುತ್ತೀಯಂತೆ. ಅತ್ತೆ ಬರಗೇರಮ್ಮನವರು ಹೇಳಿದ್ದು, ನಾನಲ್ಲ.

ನೀನು ನನ್ನನ್ನು ಕಾಡುವುದುಂಟಾ ಎಂದು ಅವತ್ತು ಜೋರಾಗೇ ಕೇಳಿದೆ. ಹಬ್ಬದ ಹೋಳಿಗೆಯಲ್ಲಿ ನಿನ್ನ ಪಾಲನ್ನೂ ನನಗೆ ಕೊಟ್ಟವಳು ನೀನು. ಆದರೂ ಅಕ್ಕ, ನಿಜ ಹೇಳಲಾ? ಕಾಡುತ್ತೀಯ. ಕತ್ತಲಲ್ಲಿ ಬಂದು ಹೆದರಿಸುವ ಹಾಗಲ್ಲ. ಹಾಡುಹಗಲೇ ಕಾಡುತ್ತೀಯ. ನಾನು ಸಾರು ಮಾಡಿದರೆ 'ಮೀನಾ ಮಾಡ್ದಂಗೇ ಐತೆ' ಎಂದು ಹೊಗಳುತ್ತಾರೆ. ಉಪ್ಪು ಹೆಚ್ಚಾದರೆ ಮಾತ್ರ ಅದು ನನ್ನ ಕೈ.

ನೆನಪಿದೆಯಾ, ಅಪ್ಪನ ಮಂದೆಯಲ್ಲಿ ಕರಿ ಕುರಿಯ ಮರಿ ಸತ್ತಾಗ ಏನು ಮಾಡಿದರು ಅಂತ? ಸತ್ತ ಮರಿಯ ತೊಗಲು ಬಿಡಿಸಿ ತಾಯಿಯಿಲ್ಲದ ಇನ್ನೊಂದು ಮರಿಗೆ ಹೊದಿಸಿ ಕಟ್ಟಿದರು. ಕರಿ ಕುರಿ ಮೂಸಿ ನೋಡಿ, ತನ್ನದೇ ಎಂದು ಹಾಲು ಕೊಟ್ಟಿತು. ನೀನು ಅತ್ತೂ ಅತ್ತೂ ಊಟ ಬಿಟ್ಟೆ. ನಾನು, ಮರಿಗೆ ಹಾಲು ಸಿಕ್ಕಿತಲ್ಲ, ಅಳೋದು ಯಾಕೆ ಎಂದು ನಿನಗೇ ಬುದ್ಧಿ ಹೇಳಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಅಪ್ಪ ಆ ತೊಗಲನ್ನು ಬಿಚ್ಚಿ ಎಸೆದರು. ಇನ್ನು ಬೇಡ, ಮರಿಯ ಸ್ವಂತ ವಾಸನೆ ತಾಯಿಗೆ ಗುರುತು ಸಿಕ್ಕಿದೆ ಅಂದರು. ನಾನು ಈ ಮನೆಗೆ ಬಂದು ಎರಡು ವರ್ಷ ಆಯಿತು. ನನ್ನ ಮೈಮೇಲಿನದನ್ನು ಇನ್ನೂ ಯಾರೂ ಬಿಚ್ಚಿಲ್ಲ.

ನಿನ್ನ ಮೇಲೆ ದೂರು ಹೇಳಲು ಕೂತಿಲ್ಲ, ತಪ್ಪು ತಿಳಿಯಬೇಡ. ನಿನ್ನೆಯ ಸುದ್ದಿ ಹೇಳಬೇಕು. ಕೊನೆಗೆ ನಿನ್ನ ಹತ್ತಿರ ಒಂದು ಮಾತು ನಡೆಸಿಕೊಡು ಎಂದು ಬೇಡಬೇಕು. ಅದಕ್ಕೆ ಈ ಪೀಠಿಕೆಯೆಲ್ಲ.

ಬುಧವಾರ ಭಾವನಿಗೆ ರಜೆ. ರಜೆ ದಿನ ಅವರು ಏನು ಮಾಡುತ್ತಾರೆ, ನಿನಗೆ ಗೊತ್ತು. ಬೇವಿನ ಮರದ ಕೆಳಗೆ ಮಲಗಿ ಗುಡ್ಡದ ಫ್ಯಾನು ತಿರುಗುವುದನ್ನೇ ನೋಡುತ್ತಾರೆ. ವಾರವೆಲ್ಲ ನೋಡಿದ್ದು ಸಾಲದೇನೋ. ಆದರೆ ಮಂಗಳವಾರ ಅತ್ತೆ ರೊಟ್ಟಿ ತಟ್ಟುತ್ತಾ ತಾವಾಗಿಯೇ, 'ನಾಳೆ ಇವ್ಳನ್ನ ದುರ್ಗಕ್ಕೆ ಕರ್ಕಂಡು ಹೋಗಪ್ಪ. ಸಿನಿಮಾ ತೋರ್ಸು, ಹೋಟ್ಲಾಗೆ ಏನ್ ಕೇಳ್ತಾಳೋ ಕೊಡ್ಸು' ಅಂದರು. ನಾನು ಕೈಯಲ್ಲಿದ್ದ ಸೌಟು ಬಿಡುವುದೊಂದೇ ಬಾಕಿ. ಹೊಸದುರ್ಗದ ಸಂತೆಗೆ ಹೊರಟರೂ ಹತ್ತು ಪ್ರಶ್ನೆ ಕೇಳುವ ಮುದುಕಿ! ಬೈಕು ಬೇಡ, ಹೊಸದುರ್ಗದಿಂದ ಬಸ್ಸಿನಲ್ಲೇ ಹೋಗಿ, ಮುಂದಿನ ಸೀಟು ಹಿಡಿಯಿರಿ ಎಂದೂ ಹೇಳಿದರು. ನನ್ನ ಬ್ಯಾಗಿಗೆ ನಿಂಬೆಹಣ್ಣು ಹಾಕಿದರು.

ರಾತ್ರಿಯೆಲ್ಲ ಖುಷಿಗೆ ನಿದ್ದೆ ಇಲ್ಲ. ಒಂದು ದಿನ ಅಕ್ಕ, ಒಂದೇ ಒಂದು ದಿನ ನನ್ನದು. ಗಂಡನ ಜೊತೆ ಹೆಂಡತಿ ಸಿನಿಮಾಕ್ಕೆ ಹೋಗುವುದು. ಆ ದಿನದೊಳಗೆ ಎಲ್ಲಾದರೂ ಒಂದು ಕಡೆ ಅವರು ನನ್ನನ್ನು ರೋಜಾ ಎಂದು ಕರೆದರೆ ಸಾಕು, ಇನ್ನೇನೂ ಬೇಡ ಎಂದು ಹರಕೆ ಹೊತ್ತವಳ ಹಾಗೆ ಅಂದುಕೊಂಡೆ.

ಬೆಳಗ್ಗೆ ಸ್ನಾನ ಮಾಡಿ ಚೂಡಿದಾರ ಹಾಕಿಕೊಂಡೆ. ಬಾದಾಮಿ ಬಣ್ಣದ್ದು, ನಾನೇ ಆರಿಸಿ ತಂದಿದ್ದು. ನಿನ್ನ ಮುಂದೆ ಇಟ್ಟು ಪೂಜೆ ಮಾಡಲಿಲ್ಲ. ನೀನು ಚೂಡಿದಾರ ಹಾಕಿದವಳೇ ಅಲ್ಲವಲ್ಲ, ನಿನಗೆ ಯಾಕೆ ಅದು. ಆಮೇಲೆ ಕೊರಳಿನ ಕರಿಮಣಿ ಸರ ತೆಗೆದೆ. ನಿನ್ನ ಫೋಟೋ ಪಕ್ಕದ ಮೊಳೆಗೆ ನೇತುಹಾಕಿ, ಯಾರೂ ಇಲ್ಲದ್ದು ನೋಡಿ ಬಾಯಿಬಿಟ್ಟೇ ಹೇಳಿದೆ, 'ಇವತ್ತೊಂದಿನ ಮನೆಯಲ್ಲೇ ಇರು ಅಕ್ಕ, ಸಾಯಂಕಾಲ ಬಂದು ಹಾಕ್ಕಂತೀನಿ' ಅಂತ. ನಿನಗೆ ಕೇಳಿಸಿತು ಎಂದೇ ನಾನು ನಂಬಿದ್ದೇನೆ. ದುಪಟ್ಟಾ ಕೊರಳು ಸುತ್ತಿಕೊಂಡೆ, ಅತ್ತೆಗೆ ಗೊತ್ತಾಗಲಿಲ್ಲ.

ಬಾಗಿಲು ದಾಟಿ ನಾಲ್ಕು ಹೆಜ್ಜೆ ಬಂದಿದ್ದೆವು. ಭಾವ ಕರ್ಚೀಫು ಮರೆತೆ ಎಂದು ವಾಪಸ್ ಒಳಗೆ ಹೋಗಿ ಬಂದರು. ಅಷ್ಟೇ. ನನಗೆ ಏನೂ ಅನ್ನಿಸಲಿಲ್ಲ.

ಬಸ್ಸಿನಲ್ಲಿ ಈಗ ಹೆಂಗಸರಿಗೆಲ್ಲ ಫ್ರೀ, ನೀನು ಹೋದಮೇಲೆ ಬಂದ ಭಾಗ್ಯ ಇದು. ಕಂಡಕ್ಟರು ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟ. ಭಾವ ಕಿಟಕಿ ಪಕ್ಕ ನನ್ನನ್ನು ಕೂರಿಸಿದರು, 'ಗಾಳಿ ಬರ್ಲಿ, ಇಲ್ದಿದ್ರೆ ನಿಂಗೆ ಆಗಲ್ಲ' ಅಂದರು. ಬಸ್ಸು ಆಗದಿದ್ದವಳು ನೀನು. ನಾನು ಹಾಸ್ಟೆಲ್ಲಿಂದ ಬಾಗೂರಿಗೆ ಟೆಂಪೋದಲ್ಲಿ ನಿಂತುಕೊಂಡು ಕಡಲೆಕಾಯಿ ತಿನ್ನುತ್ತಾ ಬರುತ್ತಿದ್ದವಳು. ಹಾಗೆ ಹೇಳಬೇಕು ಅನ್ನುವಷ್ಟರಲ್ಲಿ ಹೊಟ್ಟೆ ತೊಳೆಸಲು ಶುರುವಾಯಿತು. ಹೊಳಲ್ಕೆರೆ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ತಡೆಯಲಾಗಲಿಲ್ಲ, ಇಳಿದು ಕಾಂಪೌಂಡಿನ ಪಕ್ಕ ವಾಂತಿ ಮಾಡಿಕೊಂಡೆ. ಭಾವ ಬೆನ್ನು ಸವರಿದರು. ಕೈ ಮಾತ್ರ ಎಷ್ಟು ಮೆತ್ತಗಿತ್ತು ಅಂತೀಯ. 'ಮೀನಾಗೂ ಹಿಂಗೇ, ಹೊಳಲ್ಕೆರೆ ತಪ್ಪಿಸ್ತಿರ್ಲಿಲ್ಲ' ಅಂದರು. ಕರ್ಚೀಫು ಕೊಡಿ, ಬಾಯಿ ಒರೆಸಿಕೊಳ್ಳುತ್ತೇನೆ ಎಂದೆ. ಅವರ ಕೈ ಅಂಗಿ ಜೇಬಿನ ತನಕ ಹೋಯಿತು, ಅಲ್ಲೇ ನಿಂತಿತು. ದುಪಟ್ಟಾದಲ್ಲೇ ಒರೆಸ್ಕೊ ಎಂದರು. ಹೊಸ ದುಪಟ್ಟಾ! ಒಂದು ಕರ್ಚೀಫಿಗೆ ಇಷ್ಟು ಜಿಪುಣತನವಾ ಎಂದು ಮೈಯೆಲ್ಲ ಉರಿಯಿತು. ಬಯಲು ಗಣಪತಿ ಇರುವ ದಿಕ್ಕಿಗೆ ಕೈ ಮುಗಿದು ಸಿಟ್ಟು ನುಂಗಿಕೊಂಡೆ.

ಚಿತ್ರದುರ್ಗದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಥಿಯೇಟರು ನಿನಗೆ ಗೊತ್ತಿರುವುದೇ, ಮದುವೆಯಾದ ಹೊಸದರಲ್ಲಿ ಹೋಗಿದ್ದೆವು ಎಂದು ನೀನು ಹೇಳುತ್ತಿದ್ದದ್ದು. ಈಗ ಒಳಗೆ ಏಸಿ ಹಾಕಿಸಿದ್ದಾರೆ, ಸೀಟು ಹಿಂದಕ್ಕೆ ಬಾಗುತ್ತದೆ. ಬೆಳಗಿನ ಆಟ, ಜನ ಕಡಿಮೆ. ನನ್ನ ಎಡಕ್ಕೆ ಒಬ್ಬ ಹೆಂಗಸು ಮಗಳ ಜೊತೆ ಕೂತಿದ್ದಳು, ಹಿರಿಯೂರು ಕಡೆಯ ಆದಿವಾಲದವರಂತೆ. ಬಲಕ್ಕೆ ಭಾವ. ಅವರ ಆಚೆಗಿನ ಸೀಟು ಖಾಲಿ, ಅದರ ಮೇಲೆ ನಮ್ಮ ಬ್ಯಾಗು.

ಸಿನಿಮಾ ಹೇಗಿತ್ತು ಅಂದರೆ, ಹೊಡೆದಾಟ ಹೆಚ್ಚು, ಕಥೆ ಅಷ್ಟಕ್ಕಷ್ಟೇ. ಆದರೆ ನಾನು ನಕ್ಕಿದ್ದೇ ನಕ್ಕಿದ್ದು. ಹಾಸ್ಯದವನು ಕೋಳಿ ಹಿಡಿಯಲು ಹೋಗಿ ಬಾವಿಕಟ್ಟೆ ಸುತ್ತ ಓಡುವ ಕಡೆ ಭಾವನೂ ತೊಡೆ ತಟ್ಟಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನೀನು ಹೋದಮೇಲೆ ಯಾರೂ ನೋಡಿಲ್ಲ. ಕತ್ತಲಲ್ಲಿ ಅವರ ಮುಖ ನೋಡುತ್ತಾ, ಇದು ನಾನು ತರಿಸಿದ ನಗು, ಕೊರಳಲ್ಲಿ ಯಾರೂ ಇಲ್ಲದೆ ನಾನೊಬ್ಬಳೇ ತರಿಸಿದ್ದು ಅಂದುಕೊಂಡೆ. ಎಷ್ಟು ಹಗುರಾಗಿತ್ತು ಅಕ್ಕ ಕೊರಳು. ನೀನು ಬೇಜಾರು ಮಾಡಿಕೊಂಡರೂ ಸರಿ, ಇದನ್ನು ಬರೆಯದೆ ಇರಲಾರೆ.

ಇಂಟರ್‌ವಲ್ಲಿನಲ್ಲಿ ಭಾವ ಪಾಪ್‌ಕಾರ್ನು, ಸಮೋಸ, ಜ್ಯೂಸು ಎಲ್ಲ ಹೊತ್ತುಕೊಂಡು ಬಂದರು. ನಾನು ದನಿ ಎತ್ತಿ, 'ಅಷ್ಟೆಲ್ಲ ಯಾಕೆ ತಂದ್ರಿ ಭಾವ' ಅಂದೆ. ಅದೇ ನೋಡು ನಾನು ಮಾಡಿದ ಎಡವಟ್ಟು. ಪಕ್ಕದ ಹೆಂಗಸಿನ ಕಿವಿ ಚುರುಕು. 'ಭಾವನ್ ಜತೆ ಬಂದಿದೀಯೇನಮ್ಮ? ನಿಮ್ಮಕ್ಕ ಬರ್ಲಿಲ್ವಾ?' ಎಂದು ಕೇಳಿಯೇ ಬಿಟ್ಟಳು.

 ಇವರು ನನ್ನ ಗಂಡ ಅನ್ನಬೇಕು. ಹಾಗಂದರೆ ಭಾವ ಅಂದೆಯಲ್ಲ ಅನ್ನುತ್ತಾಳೆ. ಆಗ ನಿನ್ನ ಜ್ವರ, ನಿನ್ನ ಸಾವು, ಅಪ್ಪನ ಮಾತು, ನನ್ನ ಮದುವೆ, ಎಲ್ಲವನ್ನೂ ಆ ಪರಸ್ಥಳದವಳ ಮಡಿಲಿಗೆ ಸುರಿಯಬೇಕು. ಸುಮ್ಮನೆ, ಅಕ್ಕ ಬಂದಿಲ್ಲ ಎಂದು ತಲೆ ಆಡಿಸೋಣ ಎಂದು ಹೊರಟೆ. ಅಷ್ಟರಲ್ಲಿ ಭಾವ ಪರದೆ ಕಡೆ ನೋಡುತ್ತಲೇ ಹೇಳಿದರು.

'ಬಂದವ್ಳೆ.'

ಆ ಹೆಂಗಸು ಹೌದಾ, ಎಲ್ಲಿ ಎಂದು ಹಿಂದೆ ಮುಂದೆ ನೋಡಿದಳು.  ದೀಪ ಆರಿದವು. ಆಗ ಭಾವ ಆಚೆಗಿನ ಖಾಲಿ ಸೀಟಿನ ಮೇಲಿದ್ದ ಬ್ಯಾಗನ್ನು ತೆಗೆದು ತಮ್ಮ ಮಡಿಲಿಗೆ ಇಟ್ಟುಕೊಂಡರು.

ಆಮೇಲೆ ಸಿನಿಮಾದಲ್ಲಿ ಏನಾಯಿತೋ ನನಗೆ ತಿಳಿಯದು. ಪರದೆಯ ಬೆಳಕು ಆ ಖಾಲಿ ಸೀಟಿನ ಮೇಲೆ ಬಂದು ಹೋಗಿ ಮಾಡುತ್ತಿತ್ತು. ನಾನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆದರೆ ಇದ್ದಿದ್ದರೆ ನೀನು ಹೇಗೆ ಕೂರುತ್ತಿದ್ದೆ ಎಂದು ನನಗೆ ಗೊತ್ತು, ಒಂದು ಕಾಲು ಮಡಿಚಿ ಮೇಲಿಟ್ಟುಕೊಂಡು, ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು. ಮನೆಯಲ್ಲಿ ಮೊಳೆಗೆ ಬಿಟ್ಟು ಬಂದಿದ್ದೆನಲ್ಲ ನಿನ್ನನ್ನು. ಅಷ್ಟು ದೂರ ಹೇಗೆ ಬಂದೆ? ಏಸಿಯ ಚಳಿಗೆ ನಡುಗುತ್ತಿದ್ದೇನೆ ಎಂದುಕೊಂಡು ಭಾವ ನನ್ನ ಕೈ ಹಿಡಿದರು. ಎರಡು ವರ್ಷದಲ್ಲಿ ನಾಲ್ಕು ಜನರ ನಡುವೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಆ ಕೈ ಹಿಡಿದಿರುವುದು ನನ್ನದನ್ನೋ ನಿನ್ನದನ್ನೋ ಎಂಬ ಅನುಮಾನದಲ್ಲಿ ಆ ಸುಖವೂ ಸಿಗಲಿಲ್ಲ.

ಊಟಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವು. ಮೆಟ್ಟಿಲು ಹತ್ತಿ ಫ್ಯಾಮಿಲಿ ರೂಮಿಗೆ. ಮಾಣಿ ನೀರು ತಂದಿಡುವುದರೊಳಗೇ ಭಾವ ಎರಡು ಬೆಣ್ಣೆ ದೋಸೆ, ಚಟ್ನಿ ಬೇರೆ ಬಟ್ಟಲಲ್ಲಿ ಎಂದು ಹೇಳಿಬಿಟ್ಟರು. ನನಗೆ ದೋಸೆ ಬೇಡ ಎಂದೆ. ನಿನಗೆ ಇಷ್ಟ ಅಲ್ವಾ ಎಂದರು, ನಿಜವಾಗಿಯೂ ಆಶ್ಚರ್ಯದಿಂದ. 'ಇಷ್ಟ ಇದ್ದಿದ್ದು ಅಕ್ಕಂಗೆ' ಅಂದೆ. ಮಾಣಿಯ ಮುಂದೆ ಹಾಗೆ ಹೇಳಬಾರದಿತ್ತೇನೋ. ನನಗೆ ಬಟರ್ ನಾನ್, ಗೋಬಿ ಮಂಚೂರಿ ಬೇಕು ಎಂದು ನಾನೇ ಮಾಣಿಗೆ ಹೇಳಿದೆ. ಭಾವ ತಲೆ ತಗ್ಗಿಸಿ ತಮಗೂ ಅದನ್ನೇ ತರಲು ಹೇಳಿದರು.

ಮಾಣಿ ಹೋದಮೇಲೆ ಕೇಳಿದೆ. ಹೊಟ್ಟೆಯೊಳಗೆ ಇಟ್ಟುಕೊಂಡು ಕೂರುವ ಪೈಕಿ ನಾನಲ್ಲ, ನಿನಗೆ ಗೊತ್ತು.

'ಥೇಟ್ರಲ್ಲಿ ಆವಮ್ಮಂಗೆ ಬಂದವ್ಳೆ ಅಂದ್ರಲ್ಲ. ಯಾರು ಬಂದಿರೋರು?'

ಭಾವ ಅಂಗಿ ಜೇಬಿಗೆ ಕೈ ಹಾಕಿ ಆ ಕರ್ಚೀಫನ್ನು ತೆಗೆದರು. ಮೇಜಿನ ಮೇಲಿಟ್ಟು ಮಡಿಕೆ ಬಿಡಿಸಿದರು. ಒಳಗೆ ನನ್ನ ಕರಿಮಣಿ ಸರ, ಅದರಲ್ಲಿ ನೀನು, ಗಿಣಿ ಮೂಗಿನವಳು.

ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಇದ್ದೆ ನೀನು. ಹೊಳಲ್ಕೆರೆಯಲ್ಲಿ ನನಗೆ ಬಾಯಿ ಒರೆಸಲು ಕರ್ಚೀಫು ಸಿಗದಿದ್ದದ್ದು ನಿನ್ನಿಂದ. ಕೋಳಿ ಹಿಡಿಯುವವನನ್ನು ನೋಡಿ ಭಾವ ನಕ್ಕಾಗ ಅವರ ಎದೆಯ ಮೇಲೇ ಇದ್ದೆ.

'ಬಿಟ್ಟು ಹೋಗಾಣ ಅಂತ್ಲೇ ಹೊಸ್ಲು ದಾಟಿದ್ದೆ' ಎಂದರು ಭಾವ. 'ನೀನು ಬೇಕಂತ್ಲೇ ತಗ್ದಿಟ್ಟಿದೀಯ ಅಂತಾನೂ ಗೊತ್ತಾತು. ಆದ್ರೂ ಮನೆಯಾಗೆ ಅವ್ಳೊಬ್ಳುನ್ನೇ ಬಿಟ್ಟು ಸಿನಿಮಾಕ್ಕೆ ಹೋಗಾಕೆ ನಂಗೆ ಕಾಲು ಬರ್ಲಿಲ್ಲ, ರೋಜಾ.'

ಕೇಳಿದೆಯಾ ಅಕ್ಕ. ಕರೆದರು. ಎರಡು ವರ್ಷದಿಂದ ಕಾದಿದ್ದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಬೇಡಿಕೊಂಡಿದ್ದೆ. ಬಂತು ನನ್ನ ಹೆಸರು, ನಿನ್ನನ್ನು ಬಿಟ್ಟಿರಲಾರೆ ಅನ್ನುವ ಮಾತಿನ ಬಾಲಕ್ಕೆ ಕಟ್ಟಿಕೊಂಡು ಬಂತು. ದೇವರು ಕೊಡುವುದೂ ಹೀಗೇ, ಕೇಳಿದ್ದನ್ನೇ ಕೊಟ್ಟು ಕೆನ್ನೆಗೆ ಬಾರಿಸುವುದು.

ಈಗ ಹಾಕಿಕೊಳ್ಳಬೇಕಾ ಎಂದು ಕೇಳಿದೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ.

'ನಿಮ್ಮ ಜೇಬಲ್ಲೇ ಇರ್ಲಿ ಬಿಡ್ರಿ' ಎಂದೆ. 'ಒಂದಿನ ನೀವೂ ಹೊತ್ಕಂಡು ನೋಡ್ರಿ, ಎಷ್ಟು ಭಾರ ಐತೆ ಅಂತ.'

ನಾನ್, ಗೋಬಿ ಬಂದವು. ಭಾವ ಮೊದಲ ತುಂಡು ಮುರಿದು ತಮ್ಮ ತಟ್ಟೆಯ ಅಂಚಿಗೆ ಇಟ್ಟರು, ನಿನಗೆ. ನಾನು ಇಡಲಿಲ್ಲ. ಮೊದಲ ತುತ್ತು ನಾನೇ ತಿಂದೆ. ಬಾಣಲೆಯಿಂದ ಆಗ ತಾನೆ ಇಳಿದ ಗೋಬಿ, ಬಾಯಿ ಸುಟ್ಟಿತು, ಆದರೂ ತಿಂದೆ. ಇಬ್ಬರೂ ಊಟ ಮುಗಿಸಿದೆವು. ಕೊನೆಗೆ ಅವರು ಐಸ್‌ಕ್ರೀಮ್ ತಿನ್ನುತ್ತೀಯಾ ಎಂದು ಕೇಳಿದರು, ಯಾವುದು ಬೇಕು ಎಂದೂ ಕೇಳಿದರು. ನಾನು ಪಿಸ್ತಾ ಅಂದೆ. ಅಷ್ಟನ್ನು ಅವರ ಲೆಕ್ಕಕ್ಕೆ ಒಳ್ಳೆಯದು ಎಂದು ಬರೆಯಬೇಕು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರಿಗೆ ಜೋಂಪು ಹತ್ತಿತು, ತಲೆ ನನ್ನ ಹೆಗಲಿಗೆ ಬಿತ್ತು. ಸಾಯಂಕಾಲದ ಬಿಸಿಲಿಗೆ ಗುಡ್ಡದ ಫ್ಯಾನುಗಳ ನೆರಳು ಹೊಲಗಳ ಮೇಲೆ ಸುತ್ತುತ್ತಿತ್ತು. ಅವರ ಜೇಬು ನನ್ನ ತೋಳಿ‌ಗೆ ಒತ್ತಿಕೊಂಡಿತ್ತು. ಬಿಲ್ಲೆ ಬೆಚ್ಚಗಿತ್ತು. ಆಗ ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ ಅಕ್ಕ, ಆಣೆ ಮಾಡಿ ಹೇಳುತ್ತೇನೆ. ನೀನೂ ನಮ್ಮ ಜೊತೆ ಸುಸ್ತಾಗಿ ಮಲಗಿದ್ದೀಯ ಅನ್ನಿಸಿತು. ಚಿಕ್ಕವರಿದ್ದಾಗ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವಲ್ಲ, ಹಾಗೆ. ಎಷ್ಟು ದಿನ ಆಯಿತು ನಿನ್ನ ಮಗ್ಗುಲಲ್ಲಿ ಮಲಗಿ. ಬೋರ್ಡಿನ ಪರೀಕ್ಷೆ, ಹಾಸ್ಟೆಲ್ಲು, ನಿನ್ನ ಮದುವೆ, ನಿನ್ನ ಸಾವು, ಎಲ್ಲದಕ್ಕಿಂತ ಮೊದಲು ನೀನು ನನ್ನ ಅಕ್ಕ ಆಗಿದ್ದೆ. ಸವತಿ ಎಂದು ಅತ್ತೆ ಹೇಳಿಕೊಟ್ಟ ಮೇಲೆ ಸವತಿ ಆದೆ.

ಅಪ್ಪ ಹುಷಾರಾಗಿದ್ದಾರೆ. ಮಂದೆ ಮಾರಿ ಮೂರೇ ಕುರಿ ಇಟ್ಟುಕೊಂಡಿದ್ದಾರೆ, ಅವುಗಳಿಗೂ ನಮ್ಮ ಹೆಸರೇ ಇಟ್ಟು ಬೈಯುತ್ತಾರಂತೆ. ನೀನು ನೆಟ್ಟ ನುಗ್ಗೆ ಈ ವರ್ಷ ಮೈತುಂಬ ಬಿಟ್ಟಿದೆ. ಇಷ್ಟು ಸುದ್ದಿ.

ನೀನಿರುವ ಕಡೆ ಬಿಸಿಲು ಹೆಚ್ಚಿರದಿರಲಿ, ನೆರಳಿರಲಿ, ಕುಡಿಯಲು ತಣ್ಣನೆ ನೀರಿರಲಿ. ನಿನ್ನ ಮೇಲೆ ಯಾರ ಹಸಿವಿನ ಹೊರೆಯೂ ಇಲ್ಲದೆ ನಿಶ್ಚಿಂತೆಯಾಗಿ ಕಾಲು ಚಾಚಿ ಮಲಗು. ದೊಡ್ಡವಳು ನೀನು, ನನ್ನ ತಲೆಯ ಮೇಲೆ ಕೈ ಇಟ್ಟು ಹರಸು.

ನಿನ್ನ ತಂಗಿ,
ರೋಜಾ

ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ನೋಡು.

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ನಾನು ಬಸುರಿ ಅಕ್ಕ. ಮೂರು ತಿಂಗಳು. ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಿನ್ನೆ ಸಾಯಂಕಾಲ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಎದುರು ಮನೆಯ ಚಂದ್ರಕ್ಕನ ಜೊತೆ ಕೂತಿದ್ದರು. ಬಸ್ಸಿನಲ್ಲಿ, ನಿನಗೆ ಆಗುತ್ತಿದ್ದ ಹಾಗೇ, ವಾಂತಿಯಾದದ್ದನ್ನು ಭಾವ ಹೇಳಿದರು. ಅತ್ತೆಯ ಮುಖ ಅರಳಿತು. ನಾನು ಒಳಗೆ ನೀರು ಕುಡಿಯುತ್ತಿದ್ದೆ, ಕೇಳಿಸಿತು. 'ನಾನ್ ಹೇಳ್ಲಿಲ್ವಾ ಚಂದ್ರಕ್ಕ? ಮೀನಾ ಮಗು ಬೇಕು ಮಗು ಬೇಕು ಅಂತ ಕೊರಗ್ತಾನೇ ಹೋದ್ಲು. ಈಗ ಅವ್ಳೇ ವಾಪಸ್ ಬರ್ತಾವ್ಳೆ. ಸಿನಿಮಾ ಅಂದ್ರೆ ಪ್ರಾಣ ಅವ್ಳಿಗೆ. ಬಯಕೆ ತೀರ್ಸಿದೀವಿ, ಇನ್ನು ಕೂಸಿನ ಕಿವಿ ಸೋರಲ್ಲ.' ಹೆಣ್ಣೇ ಹುಟ್ಟುವುದಂತೆ. ಹೆಸರು ಮೀನಾಕ್ಷಿ ಎಂದೇ ಅಂತೆ, ನನ್ನನ್ನು ಕೇಳುವುದೇನೂ ಇಲ್ಲ.

ಹಾಗಾದರೆ ಆ ಸಿನಿಮಾ ನನಗೆ ತೋರಿಸಿದ್ದಲ್ಲ. ನನ್ನದು ಅಂದುಕೊಂಡು ನಿದ್ದೆಗೆಟ್ಟ ಆ ಒಂದು ದಿನ ಶುರುವಾಗುವ ಮೊದಲೇ ನಿನ್ನದಾಗಿತ್ತು.

ಅದನ್ನೂ ಸಹಿಸಿಕೊಂಡೆ. ಮುದುಕಿ, ಏನೋ ಹೇಳುತ್ತಾರೆ ಬಿಡು ಅಂದುಕೊಂಡೆ. ಆದರೆ ಇವತ್ತು ಬೆಳಗ್ಗೆ ಭಾವ ಡ್ಯೂಟಿಗೆ ಹೊರಟಾಗ ಕರ್ಚೀಫು ಬಿಡಿಸಿ, ಸರವನ್ನು ತಾವೇ ನನ್ನ ಕೊರಳಿಗೆ ಹಾಕಿದರು. ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಇದುವರೆಗೆ ಹಾಗೆ ಇಟ್ಟವರಲ್ಲ. ನನ್ನ ಮುಖ ನೋಡಲಿಲ್ಲ, ಹೊಟ್ಟೆಯ ಕಡೆಗೆ ಬಗ್ಗಿ ಮೆಲ್ಲಗೆ ಹೇಳಿದರು.

'ಹೋಗಿ ಬರ್ತೀನಿ, ಮೀನಾ.'

ನಿನ್ನ ಮನೆಯಲ್ಲಿ ಇದ್ದೇನೆ, ನಿನ್ನ ಒಲೆ ಊದುತ್ತೇನೆ, ನಿನ್ನನ್ನು ಕೊರಳಲ್ಲಿ ಹೊರುತ್ತೇನೆ. ಬದುಕಿರುವ ತನಕ ಹೊರುತ್ತೇನೆ, ಇನ್ನು ಮೇಲೆ ಮೊಳೆಗೆ ಹಾಕುವುದಿಲ್ಲ, ಮೊದಲ ತುತ್ತೂ ನಿನಗೇ ಇಡುತ್ತೇನೆ. ಆದರೆ ಇದೊಂದು ನಡೆಸಿಕೊಡು ಅಕ್ಕ. ಹೋಳಿಗೆಯ ಪಾಲು ಬಿಟ್ಟುಕೊಟ್ಟಂತೆ ಇದನ್ನೂ ಬಿಟ್ಟುಕೊಡು. ಎಲ್ಲಿ ಬೇಕಾದರೂ ಹುಟ್ಟು, ಯಾರ ಮಗಳಾಗಿಯಾದರೂ ಬಾ, ಹುಡುಕಿಕೊಂಡು ಬಂದು ಎತ್ತಿ ಮುದ್ದಾಡುತ್ತೇನೆ. ನನ್ನ ಹೊಟ್ಟೆಗೆ ಮಾತ್ರ ಬರಬೇಡ. ನನ್ನ ಮಗು ನನ್ನದಾಗಿ ಹುಟ್ಟಲಿ. ಅದು ಅತ್ತರೆ ಅದರ ಅಳುವನ್ನೇ ಅಳಲಿ.

ಗಂಡೋ ಹೆಣ್ಣೋ, ಅದಕ್ಕೆ ನಾನೊಂದು ಹೆಸರು ಯೋಚಿಸಿ ಇಟ್ಟುಕೊಂಡಿದ್ದೇನೆ. ಯಾರಿಗೂ ಹೇಳಿಲ್ಲ. ನಿನಗೊಬ್ಬಳಿಗಾದರೂ ಬರೆಯೋಣ ಎಂದು ಬಗ್ಗಿದೆ. ಕೊರಳಿನ ಬಿಲ್ಲೆ ಜೋತು ಬಂದು ಕಾಗದದ ಮೇಲೆ, ಸರಿಯಾಗಿ ನಾನು ಬರೆಯಬೇಕಾದ ಜಾಗದಲ್ಲಿ ಕೂತಿತು.

ಬೇಡ. ಬರೆದರೆ ನಿನಗೆ ಗೊತ್ತಾಗಿಬಿಡುತ್ತದೆ.